ಜಂಬಕ್ಕನ ಹಿಂದಿನ ಗೋಡೆ

ಕೊಟ್ಟೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ ಫೋಟೋ ವೀರಭದ್ರಯ್ಯನ ಮನೆ ಎಲ್ಲಿ ಎಂದು ಕೇಳಿ, ಇವತ್ತಿಗೂ ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಸ್ಟುಡಿಯೋ ಈಗ ಅಳಿಯನ ಕೈಯಲ್ಲಿದೆ. ಅವನು ಫ್ಲೆಕ್ಸ್ ಹೊಡೆಯುತ್ತಾನೆ, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಾನೆ, ಬಂದವರ ಮುಖದ ಕಲೆಯನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿ ಎಲ್ಲರನ್ನೂ ಅಣ್ಣತಮ್ಮಂದಿರ ಹಾಗೆ ಮಾಡಿ ಕಳಿಸುತ್ತಾನೆ. ಮಾಡಲಿ ಬಿಡಿ. ನಾನು ನಲವತ್ತು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಫಿಲ್ಮ್ ತೊಳೆದವನು. ನನಗೆ ಸಿಟ್ಟು ಬೇಗ ಬರುತ್ತದೆ, ನನ್ನನ್ನು ನಾನೇ ಹೊಗಳಿಕೊಳ್ಳುವ ಚಟವೂ ಇದೆ. ಎರಡನ್ನೂ ನನ್ನ ಹೆಂಡತಿ ಅನ್ನದಾನಮ್ಮ ದಿನಕ್ಕೆ ಮೂರು ಹೊತ್ತು ನೆನಪಿಸುತ್ತಾಳೆ. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ತಂಬ್ರಹಳ್ಳಿಯ ಜಂಬಕ್ಕನದು. ನಡುನಡುವೆ ನಾನೂ ಬರುತ್ತೇನೆ. ಬರದೆ ಉಪಾಯವಿಲ್ಲ, ಆಕೆಯ ಪಾಲಿನದನ್ನು ಕೆಡಿಸಿದವನು ನಾನೇ.

ಜಂಬಕ್ಕನಿಗೆ ಈಗ ಎಪ್ಪತ್ತೆರಡು. ಕುರಿ ಸಾಕುವ ಮನೆತನ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಅತ್ತೆ ತೀರಿಕೊಂಡಾಗ, ಆ ಮನೆತನದ ಬೀರಪ್ಪನ ಗುಡಿಯ ದೀಪ ಆಕೆಯ ಕೈಗೆ ಬಂತು. ಊರಾಚೆ ಹೊಲಗಳ ನಡುವೆ ಇರುವ ಪುಟ್ಟ ಕಲ್ಲಿನ ಗುಡಿ ಅದು. ಒಳಗಿನ ಕೋಣೆಗೆ ಬಗ್ಗಿಯೇ ಹೋಗಬೇಕು. ಗೋಡೆಗೆ ಮಣ್ಣು ಮೆತ್ತಿದ್ದಾರೆ, ಕಿಟಕಿ ಇಲ್ಲ, ಮಟಮಟ ಮಧ್ಯಾಹ್ನದಲ್ಲೂ ಪಕ್ಕದಲ್ಲಿ ಕೂತವರು ಯಾರೆಂದು ತಿಳಿಯದಷ್ಟು ಕತ್ತಲೆ. ದಿನಾ ಮಧ್ಯಾಹ್ನ ಅಲ್ಲಿ ಹರಳೆಣ್ಣೆಯ ದೀಪ ಹಚ್ಚಿ, ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ಗೋಡೆಗೆ ಬೆನ್ನು ಕೊಟ್ಟು ದೇವರ ಎದುರಿಗೆ ಕೂರಬೇಕು. ಎಣ್ಣೆ ತೀರುವವರೆಗೆ ಏಳುವಂತಿಲ್ಲ. ಈ ಕೆಲಸ ಆ ಮನೆಯ ಒಬ್ಬ ಹೆಣ್ಣುಮಗಳದು, ಒಬ್ಬರಾದ ಮೇಲೆ ಒಬ್ಬರದು.

ಐವತ್ಮೂರು ವರ್ಷ ಆಕೆ ಅದನ್ನು ಮಾಡಿದಳು. ಗಂಡ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ತಿರುಗಿದ. ಒಮ್ಮೆಯೂ ಆಕೆ ಜೊತೆಗೆ ಹೋಗಲಿಲ್ಲ. ಉಚ್ಚಂಗಿದುರ್ಗದಲ್ಲಿ ಸ್ವಂತ ತಂಗಿಯ ಮದುವೆ ನಡೆದಾಗ ಹಿಂದಿನ ದಿನವೇ ಹೋಗಿ ಮದುಮಗಳಿಗೆ ಅರಿಶಿನ ಹಚ್ಚಿ, ಬೆಳಗಿನ ಮೊದಲ ಬಸ್ಸಿಗೆ ವಾಪಸ್ ಬಂದಳಂತೆ, ತಾಳಿ ಕಟ್ಟುವುದನ್ನೂ ನೋಡಲಿಲ್ಲ. ಗಂಡ ತೀರಿಕೊಂಡ. ಮಕ್ಕಳಿಲ್ಲ. ಮೈದುನನ ಮಗ ಮೈಲಾರೇಶನನ್ನು ಎತ್ತಿ ಆಡಿಸಿ ಬೆಳೆಸಿದಳು. ಬೆಳಗ್ಗೆ ಉಣ್ಣೆ ನೂಲುವುದು, ಮಧ್ಯಾಹ್ನ ದೀಪ, ಸಂಜೆ ಹಟ್ಟಿಗೆ ಬಂದ ಕುರಿಗಳ ಕಾಲು ಬಾಯಿ ನೋಡಿ ಮದ್ದು ಹಾಕುವುದು, ಮಲಗುವ ತನಕ ಊರವರನ್ನೆಲ್ಲ ಬೈಯುವುದು. ಬಾಯಿ ಜೋರು, ಮನಸ್ಸು ಬೆಣ್ಣೆ. ನನಗೆ ಇಂಥವರನ್ನು ಕಂಡರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಪ್ರೀತಿ ಬರುತ್ತದೆ.

ಸಿಟ್ಟು ಬಂದದ್ದು ಮೈಲಾರೇಶನ ಮದುವೆಯಲ್ಲಿ. ಫೋಟೋಕ್ಕೆ ನಾನೇ ಹೋಗಿದ್ದೆ. ಕ್ಯಾಮೆರಾ ಎತ್ತಿದಾಗಲೆಲ್ಲ ಈ ಯಮ್ಮ ಕಂಬದ ಹಿಂದೆ ಸರಿಯುತ್ತಿದ್ದಳು. ಅಕ್ಷತೆ ಹಾಕುವಾಗ ಸೆರಗು ಮುಖದ ಮೇಲೆ. ಕೊನೆಗೆ ನಾನು ರೇಗಿಬಿಟ್ಟೆ.

“ಏನ್ರಿ ಅಕ್ಕಾ, ಮದುವಿ ಮನಿಯಾಗ ಕಳ್ಳರಂಗ ಅಡಗಿಕೊಂತೀರಲ್ಲ? ನಿಮ್ಮ ಮುಖ ಏನು ಸವಕಳಿ ಆಗ್ತೈತಾ?”

“ಅಯ್ಯಾರ, ನಿಮ್ಮ ಪೆಟ್ಟಿಗ್ಯಾಗ ಕರೆಂಟ್ ಐತಿ” ಎಂದಳು. “ದೀಪ ಹಿಡದಾಕಿ ಮುಖ ದೀಪಕ್ಕ ಮೀಸಲು. ದೀಪ ಕೈಯಾಗ ಇರೋ ತನಕ ಕರೆಂಟಿನ ಪೆಟ್ಟಿಗಿಗಿ ಮುಖ ಕೊಡಂಗಿಲ್ಲ. ನಿಮಗ ಸಿಟ್ಟು ಬಂದ್ರ ಎರಡು ಹೋಳಿಗಿ ಜಾಸ್ತಿ ಉಣ್ರಿ.”

ಉಂಡೆ. ಮದುವೆಯ ಆಲ್ಬಮ್ಮಿನಲ್ಲಿ ಆಕೆಯನ್ನು ಹುಡುಕಿದರೆ ಒಂದು ಮೊಣಕೈ ಸಿಗುತ್ತದೆ, ಅಷ್ಟೇ.

ಆಕೆಯದು ಅಂತ ಇದ್ದ ಒಂದೇ ಫೋಟೋ ಆಧಾರ್ ಕಾರ್ಡಿನದು. ಮನೆಯವರೆಲ್ಲ ಕಾಲು ಹಿಡಿದಂತೆ ಬೇಡಿಕೊಂಡ ಮೇಲೆ ಒಪ್ಪಿದ್ದು. ತೆಗೆಸಿಕೊಂಡು ಬಂದವಳು ತಪ್ಪುಕಾಣಿಕೆ ಎಂದು ಐದು ಸೋಮವಾರ ತಣ್ಣೀರು ಸ್ನಾನ ಮಾಡಿ ಒಂದೇ ಹೊತ್ತು ಉಂಡಳು. ಆ ಕಾರ್ಡಿನಲ್ಲಿ ಇರುವುದು ಜಂಬಕ್ಕನೋ ಜಂಬಕ್ಕನ ಕಂಬಳಿಯೋ, ನನಗಂತೂ ಗೊತ್ತಾಗಲಿಲ್ಲ.

ಹೋದ ವರ್ಷ ಭಾದ್ರಪದದಲ್ಲಿ ಮೈಲಾರೇಶ ನಮ್ಮ ಮನೆಗೆ ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾನೆ. ಈರುಳ್ಳಿ ಇಳಿಸಿ ಹಾಗೇ ಬಂದವನು, ಕೂರಲೂ ಇಲ್ಲ.

“ಅಯ್ಯಾರ, ದೊಡ್ಡವ್ವ ದೀಪ ಬಿಡ್ತಾಳಂತ. ಸೀಗಿ ಹುಣ್ಣಿಮಿಗಿ ನಮ್ಮ ರೇಣುಕಾನ ಕೈಗೆ ಕೊಡ್ತಾಳ. ಮೊಣಕಾಲು ಹಿಡದಾವು, ಕೂತ್ರ ಏಳಾಕ ಬರವಲ್ದು.” ರೇಣುಕಾ ಎಂದರೆ ಅವನ ಹೆಂಡತಿ. “ಆಕಿದೊಂದು ಆಸಿ ಐತ್ರಿ. ದೀಪದ ಮುಂದ ಕುಂತಾಗ ಆಕಿ ಮುಖ ಬ್ಯಾರೇನ ಕಾಣ್ತೈತಿ ಅಂತ ಊರಾಗೆಲ್ಲ ಅಂತಾರ. ನಮ್ಮಪ್ಪ ಅಂತಿದ್ದ, ನಮ್ಮಜ್ಜ ಅಂತಿದ್ದ. ಆಕಿ ಮಾತ್ರ ನೋಡಿಲ್ಲ. ಗುಡ್ಯಾಗ ಕನ್ನಡಿ ತರಂಗಿಲ್ಲ. ಒಂದು ಸಲ ನನ್ನ ಮುಖ ನಾನು ನೋಡಬೇಕಲೇ ಮೈಲಾರಿ ಅಂತಾಳ. ಇಷ್ಟು ವರ್ಷದಾಗ ಆಕಿ ನನ್ನ ಹತ್ರ ಏನೂ ಕೇಳಿಲ್ರಿ.”

ಕುಲದ ಹಿರಿಯ ಪಾಲಾಕ್ಷಪ್ಪನನ್ನೂ ಅವನು ಕೇಳಿ ಬಂದಿದ್ದ. ಪಾಲಾಕ್ಷಪ್ಪ ಮೂರು ಕಟ್ಟು ಹಾಕಿದ್ದ. ಒಳಗೆ ಬೇರೆ ಬೆಳಕು ಮಾಡಬಾರದು. ಸದ್ದು ಮಾಡಬಾರದು. ಕರೆಂಟಿನ ವಸ್ತು, ಅಂದರೆ ಬ್ಯಾಟರಿಯದೂ ಸೇರಿ, ಹೊಸ್ತಿಲು ದಾಟಬಾರದು. ಇಷ್ಟಕ್ಕೆ ಒಪ್ಪುವ ಕ್ಯಾಮೆರಾ ಇದ್ದರೆ ತೆಗೆಯಿರಿ ಎಂದಿದ್ದ. ಅಂಥದ್ದು ಇರಲಿಕ್ಕಿಲ್ಲ ಎಂದೇ ಅಂದಿರಬೇಕು.

ಇದೆ. ನನ್ನಂಥವನಿಗಲ್ಲದೆ ಈ ಸೀಮೆಯಲ್ಲಿ ಇನ್ಯಾರಿಗೆ ಗೊತ್ತಿರಬೇಕು? ಮೊಬೈಲು ಬೇಡ, ಡಿಜಿಟಲ್ ಬೇಡ. ನನ್ನ ಹಳೆಯ ಫಿಲ್ಮ್ ಕ್ಯಾಮೆರಾದೊಳಗೆ ಕನ್ನಡಿ ಇದೆ, ಗುಂಡಿ ಒತ್ತಿದರೆ ಅದು ಠಪ್ ಎಂದು ಏಳುತ್ತದೆ, ಸದ್ದೂ ಹೌದು, ಕೈಯೂ ಅದುರುತ್ತದೆ, ದೀಪದ ಬೆಳಕಿನಲ್ಲಿ ಅದರ ಕಿಂಡಿಯೊಳಗೆ ಏನೂ ಕಾಣುವುದಿಲ್ಲ. ಬೇಕಾದದ್ದು ರೇಂಜ್‌ಫೈಂಡರ್. ಅದರಲ್ಲಿ ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಕಿಂಡಿಯ ನಡುವೆ ಸಣ್ಣ ಹಳದಿ ಚೌಕ ಇರುತ್ತದೆ, ಅದರೊಳಗೆ ಒಂದು ಮುಖ ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡೂ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಎರಡು ಮುಖ ಒಂದಾದರೆ ಫೋಕಸ್ ಸರಿ. ಕನ್ನಡಿ ಇಲ್ಲ, ಬ್ಯಾಟರಿ ಬೇಕಿಲ್ಲ, ಸದ್ದು ನಾಲಿಗೆ ಲೊಚಗುಟ್ಟಿದಷ್ಟು. ಕತ್ತಲೆಗೆ ಇದಕ್ಕಿಂತ ಬೇರೆ ಬೇಡ.

ಮರುದಿನವೇ ಹರಪನಹಳ್ಳಿಗೆ ಹೋದೆವು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಂಜಣ್ಣ ಇದ್ದಾನೆ. ಗಡಿಯಾರ, ಕ್ಯಾಮೆರಾ, ಹೊಲಿಗೆ ಯಂತ್ರ, ಏನು ಕೆಟ್ಟರೂ ಬಿಚ್ಚುತ್ತಾನೆ. ವಿಷಯ ಹೇಳಿದೆ. ಅವನು ಗಾಜಿನ ಕಪಾಟು ತೆರೆದು ಎರಡು ಕ್ಯಾಮೆರಾ ತಂದು ಟವೆಲ್ಲಿನ ಮೇಲಿಟ್ಟ.

ಒಂದು ಜಪಾನಿನದು. ನೋಡಲು ಏನೇನೂ ಚೆನ್ನಾಗಿಲ್ಲ. ಮೂಲೆ ನಗ್ಗಿದೆ, ಚರ್ಮ ಎದ್ದು ಬಂದಿದೆ, ಹಿಂದಿನ ಬಾಗಿಲಿಗೆ ಯಾರೋ ಇನ್ಸುಲೇಷನ್ ಟೇಪು ಸುತ್ತಿದ್ದಾರೆ. ಇನ್ನೊಂದು ಜರ್ಮನಿಯದು. ಅದನ್ನು ಎತ್ತಿ ಮಗುಚಿ ನೋಡಿದೆ. ಅದರ ಕೆಳಗಿನ ಚರ್ಮದಲ್ಲಿ ಬೀಡಿ ತಾಗಿ ಸುಟ್ಟ ಒಂದು ಕಲೆ ಇತ್ತು. ಆ ಕಲೆ ನನಗೆ ಗೊತ್ತು. ಕೂಡ್ಲಿಗಿಯಲ್ಲಿ ನಾನು ಕೆಲಸ ಕಲಿತ ಸ್ಟುಡಿಯೋದ ಯಜಮಾನರ ಕ್ಯಾಮೆರಾ ಅದು. ಅವರ ಮೊಮ್ಮಗ ಮಾರಿದನಂತೆ. ಆರು ವರ್ಷ ಅವರ ಹತ್ತಿರ ಕೆಲಸ ಮಾಡಿದೆ, ಒಮ್ಮೆಯೂ ಅದನ್ನು ಮುಟ್ಟಗೊಡಲಿಲ್ಲ. ಒಂದು ದಿನ ಅವರು ಊಟಕ್ಕೆ ಹೋದಾಗ ಉಂಗುರ ತಿರುಗಿಸಿ ನೋಡುತ್ತಿದ್ದೆ, ಬಂದು ಕೆನ್ನೆಗೆ ಬಿಗಿದರು. “ಇದು ನಿನ್ನಂಥಾವ್ನ ಕೈಗೆ ಅಲ್ಲಲೇ” ಎಂದಿದ್ದರು. ಆ ಮಾತು ನನಗೆ ಅರವತ್ನಾಲ್ಕು ತುಂಬಿದರೂ ಒಳಗೆ ಕೂತಿತ್ತು.

ಮಂಜಣ್ಣ ಮಾತ್ರ ನಗ್ಗಿದ್ದನ್ನೇ ನನ್ನ ಕಡೆ ಸರಿಸಿದ.

“ಸ್ವಾಮೇರ, ಇದನ್ನ ತಗಳ್ರಿ. ನೋಡಾಕೆ ಹಿಂಗೈತೆ ಅಷ್ಟೇ. ಮೂರಡಿ, ಆರಡಿ, ಹತ್ತಡಿ, ಟೇಪ್ ಹಿಡಿದು ನಾನೇ ಚೆಕ್ ಮಾಡೀನಿ. ಒಂದು ಕೂದಲೆಳೆ ಆಕಡೆ ಈಕಡೆ ಇಲ್ಲ.”

“ಆ ಜರ್ಮನಿದು?”

“ಅದರ ಲೆನ್ಸು ದೊಡ್ಡದು, ಹೌದು. ಬೆಳಕು ಜಾಸ್ತಿ ತಗಂತೈತೆ. ಆದ್ರೆ ಬಾಯಿ ಅಷ್ಟು ದೊಡ್ಡದು ಬಿಟ್ರೆ ಫೋಕಸ್ ಹಿಡಿಯೋ ಜಾಗ ನಾಕು ಬೆರಳು ಕೂಡ ಇರಲ್ಲ, ನಿಮಗೆ ಗೊತ್ತಿಲ್ಲದ್ದೇನು? ಬೀರುವಿನಾಗೆ ಎಷ್ಟೋ ವರ್ಷ ಬಿದ್ದಿದ್ದು. ದೂರದ್ದು ಸರಿ ಐತೆ. ಹತ್ತಿರದ್ದು ನಾನಿನ್ನೂ ನೋಡಿಲ್ಲ. ಒಂದು ವಾರ ಬಿಟ್ಟೋಗ್ರಿ. ಇಲ್ಲಾಂದ್ರೆ ಒಂದು ರೀಲು ಹತ್ತಿರಕ್ಕೆ ಹೊಡೆದು ತೊಳೆದು ನೋಡ್ರಿ.”

ನಾನು ಅದನ್ನು ಎತ್ತಿಕೊಂಡು ಬೀದಿಗೆ ಬಂದೆ. ದೂರದ ನೀರಿನ ಟ್ಯಾಂಕಿಗೆ ಹಿಡಿದೆ. ಚೌಕದಲ್ಲಿ ಎರಡು ಟ್ಯಾಂಕು, ಉಂಗುರ ತಿರುಗಿಸಿದೆ, ಒಂದೇ ಟ್ಯಾಂಕು. ಎಷ್ಟು ನಿಚ್ಚಳ! ನಾವು ಸ್ಟುಡಿಯೋದವರು ಯಾವತ್ತೂ ಹೀಗೇ ನೋಡುವುದು. ಬಯಲಿಗೆ ಬಂದು ಗೋಪುರಕ್ಕೋ ಟ್ಯಾಂಕಿಗೋ ಹಿಡಿಯುವುದು, ಸೇರಿದರೆ ಸರಿ ಎನ್ನುವುದು. ನಮ್ಮ ಕನ್ನಡಿಯ ಕ್ಯಾಮೆರಾಗಳಿಗೆ ಅದು ಸಾಕಿತ್ತು, ಅಲ್ಲಿ ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣುತ್ತದೆ. ಇದಕ್ಕೆ ಸಾಲದು. ಇದರಲ್ಲಿ ಕಣ್ಣಿಗೆ ಸೇರಿದ್ದು ಫಿಲ್ಮಿನಲ್ಲೂ ಸೇರಿರಬೇಕೆಂದಿಲ್ಲ. ಇದನ್ನು ನಾನು ಓದಿದ್ದೆ, ಕೇಳಿದ್ದೆ, ಬೇರೆಯವರಿಗೆ ಬುದ್ಧಿಯಾಗಿ ಹೇಳಿಯೂ ಇದ್ದೆ.

“ಇದನ್ನೇ ಒಯ್ತೀನಿ” ಎಂದೆ.

ಮೈಲಾರೇಶ ಮೆಲ್ಲಗೆ, “ಅಯ್ಯಾರ, ಮಂಜಣ್ಣಾರು ಅದು ಚಲೋ ಐತಿ ಅಂತಾರಲ್ರಿ” ಎಂದ.

“ನಲವತ್ತು ವರ್ಷ ಫೋಟೋ ತಗದಾವ್ನು ನಾನೋ ನೀನೋ?” ಎಂದೆ. ಇದ್ದದ್ದು ಎರಡು ರೀಲು, ಬೆಂಗಳೂರಿನಿಂದ ತರಿಸಿದ್ದು. ಒಂದು ಹುಣ್ಣಿಮೆಗೆ ಸಾಕು. ಇನ್ನೊಂದನ್ನು ಮನೆಯಲ್ಲಿ ಅನ್ನದಾನಮ್ಮನನ್ನು ಮೂರಡಿ ದೂರ ಕೂರಿಸಿ ಹೊಡೆದು ನೋಡಬಹುದಿತ್ತು. ಒಂದು ಬೆಳಗಿನ ಕೆಲಸ. ಆಕೆಯೂ ಕೇಳಿದಳು, “ಟ್ರಯಲ್ ನೋಡಾಂಗಿಲ್ಲೇನ್ರಿ?” ಎಂದು. ಯಜಮಾನರ ಕ್ಯಾಮೆರಾಕ್ಕೆ ಟ್ರಯಲ್ಲೇ ಎಂದು ಗುರ್ ಎಂದೆ. ಮೂರು ವಾರ ಅದನ್ನು ಒರೆಸುವುದು, ಕಣ್ಣಿಗೆ ಹಿಡಿಯುವುದು, ಮಾಳಿಗೆ ಹತ್ತಿ ಗೋಪುರ ನೋಡುವುದು, ಇದೇ ಆಯಿತು. ಮದುವೆ ನಿಶ್ಚಯವಾದ ಹುಡುಗನಿಗಿಂತ ಕಡೆಯಾಗಿದ್ದೆ.

ಸೀಗಿ ಹುಣ್ಣಿಮೆಯ ಮಧ್ಯಾಹ್ನ ಗುಡಿಯ ಮುಂದೆ ಒಂದು ಕಂಬಳಿ ಹಾಸಿ ಎಲ್ಲರ ಮೊಬೈಲು, ಗಡಿಯಾರ, ಒಬ್ಬರ ಕಿವಿಯ ಯಂತ್ರ ಕೂಡ ಅದರ ಮೇಲೆ ಇಡಿಸಿದರು. ಪಾಲಾಕ್ಷಪ್ಪ ನನ್ನ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿ, ಕಿವಿಗೆ ಹಿಡಿದು, ಬ್ಯಾಟರಿ ಹಾಕುವ ಜಾಗ ಹುಡುಕಿದ. ಸಿಗಲಿಲ್ಲ. “ಹಿಂಗೂ ಇರ್ತಾವಾ!” ಎಂದು ವಾಪಸ್ ಕೊಟ್ಟ.

ಮೈಲಾರೇಶ, ಪಾಲಾಕ್ಷಪ್ಪ ಸೇರಿ ಒಳಗೆ ನಾವು ಐದೇ ಜನ. ಜಂಬಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ಮುಖಕ್ಕೂ ಗೋಡೆಗೂ ಒಂದು ಗೇಣು ಅಂತರ. ಎದುರಿಗೆ ರೇಣುಕಾ ಮಂಡಿಯೂರಿದ್ದಳು. ನಾನು ರೇಣುಕಾಳ ಪಕ್ಕದಲ್ಲಿ, ಜಂಬಕ್ಕನಿಂದ ಮೂರಡಿ. ದೀಪ ಹಚ್ಚಿದರು. ಸುಳ್ಳು ಹೇಳಬಾರದು, ಊರವರು ಅಂದದ್ದು ನಿಜವೇ. ಆ ಬಾಯಿಬಡುಕಿ ಮುದುಕಿಯ ಮುಖ ಎಲ್ಲಿ ಹೋಯಿತೋ! ಸುಕ್ಕುಗಳೆಲ್ಲ ಇದ್ದಲ್ಲಿಯೇ ಇದ್ದವು, ಆದರೆ ಒಂದೊಂದರೊಳಗೂ ಬೆಳಕು ನಿಂತಿತ್ತು. ಹತ್ತೊಂಬತ್ತರ ಹುಡುಗಿಯೂ ಎಪ್ಪತ್ತೆರಡರ ಅಜ್ಜಿಯೂ ಒಟ್ಟಿಗೇ ಕೂತ ಹಾಗೆ ಇತ್ತು. ಹಳದಿ ಚೌಕದಲ್ಲಿ ಎರಡು ಜಂಬಕ್ಕ, ಉಂಗುರ ತಿರುಗಿಸಿದೆ, ಒಬ್ಬಳೇ ಜಂಬಕ್ಕ. ಉಸಿರು ಹಿಡಿದು ಒತ್ತಿದೆ. ಲೊಚ್ ಎಂದಿತು, ಯಾರೂ ತಿರುಗಿ ನೋಡಲಿಲ್ಲ. ಒಟ್ಟು ಮೂವತ್ತಾರು. ಹದಿನೇಳನೆಯದಕ್ಕೆ ಆಕೆ ದೀಪದ ಮೇಲಿಂದ ಕಣ್ಣೆತ್ತಿ ನೇರ ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಇಷ್ಟು ವರ್ಷ ಅಡಗಿಸಿಟ್ಟ ಮುಖವನ್ನು, ತಗೋ ಎಂದು ಕೊಟ್ಟ ಹಾಗಿತ್ತು.

ಹೊರಗೆ ಬಂದಾಗ ಪಾಲಾಕ್ಷಪ್ಪ ರೇಣುಕಾಳಿಗೆ ಕಟ್ಟುಪಾಡು ಹೇಳುತ್ತಿದ್ದ. “ಅಮಾಸಿ ತನಕ ದೀಪಕ್ಕ ಇಬ್ಬರದೂ ಕೈ. ದಿನಾ ದೊಡ್ಡವ್ವ ನಿನ್ನ ಜೋಡಿ ಬಂದು ಹಿಡಿಯೋದು ಕಲಿಸ್ತಾಳ. ಅಮಾಸಿ ಆದಮ್ಯಾಲೆ ಆಕಿ ಗುಡಿ ದಾರಿ ತುಳಿಯಂಗಿಲ್ಲ, ಆ ಹೊಸ್ತಿಲು ದಾಟಂಗಿಲ್ಲ, ದೀಪ ಮುಟ್ಟಂಗಿಲ್ಲ. ಆಕಿ ಮೀಸಲೂ ಅಲ್ಲಿಗಿ ಮುಗೀತು.” ನಾನು ಫಿಲ್ಮ್ ಹಿಂದಕ್ಕೆ ಸುತ್ತುತ್ತಿದ್ದೆ. ಕೇಳಿಸಿಕೊಂಡೆ. ನನಗೇನು ಅದರಿಂದ, ನನ್ನ ಕೆಲಸ ಮುಗಿದಿತ್ತು.

ಕತ್ತಲೆ ಕೋಣೆಯಲ್ಲಿ ಈಗ ಜೋಳದ ಚೀಲ ಇಡುತ್ತೇವೆ. ಅವನ್ನು ಸರಿಸಿ, ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿ, ರೀಲು ತೊಳೆದೆ. ಒದ್ದೆ ಫಿಲ್ಮನ್ನು ಬಲ್ಬಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ. ಗೋಡೆ ಬಂದಿತ್ತು. ಎಂಥ ಗೋಡೆ ಅಂತೀರಿ! ಮಸಿ ಹಿಡಿದ ಮಣ್ಣಿನ ಗೋಡೆಯ ಒಂದೊಂದು ಬಿರುಕು, ಸಾರಿಸಿದ ಬೆರಳುಗಳ ಒಂದೊಂದು ಗೆರೆ ಎಣಿಸುವಂತೆ ಇತ್ತು. ಅದರ ಮುಂದೆ ಮೋಡದಂಥ ಏನೋ ಒಂದು ಕೂತಿತ್ತು. ಮುಂದಿನ ಫ್ರೇಮು ನೋಡಿದೆ. ಅದರ ಮುಂದಿನದು ನೋಡಿದೆ. ಹದಿನೇಳನೆಯದು ನೋಡಿದೆ. ಮೂವತ್ತಾರರಲ್ಲೂ ಗೋಡೆಯೇ.

ಜೋಳದ ಚೀಲದ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದು ಕ್ಯಾಮೆರಾದ ಹಿಂದಿನ ಬಾಗಿಲು ತೆಗೆದು, ಫಿಲ್ಮ್ ಕೂರುವ ಜಾಗಕ್ಕೆ ಚಿತ್ರ ಮೂಡುವ ಹಾಗೆ ಉಜ್ಜಿದ ಗಾಜಿಟ್ಟು, ಟೇಪು ಹಿಡಿದು ಅಳೆದೆ. ದೂರಕ್ಕೆ ಸರಿ. ಮೂರಡಿಗೆ ಹಿಡಿದರೆ ಫೋಕಸ್ ಸರಿಯಾಗಿ ಒಂದು ಗೇಣು ಹಿಂದೆ ಬೀಳುತ್ತಿತ್ತು. ಕಾಲು ಗಂಟೆಯ ಕೆಲಸ ಅದು. ಮೂರು ವಾರ ಅದನ್ನು ಎದೆಗೆ ಅಪ್ಪಿಕೊಂಡು ತಿರುಗಿದೆ, ಈ ಕಾಲು ಗಂಟೆ ನನಗೆ ಸಿಗಲಿಲ್ಲ. ಥೂ ನನ್ನ!

“ಹೆಂಗ ಬಂದಾವ್ರಿ?” ಎಂದು ಹೊರಗಿನಿಂದ ಅನ್ನದಾನಮ್ಮ ಕೇಳಿದಳು. “ಬಂದಾವು” ಎಂದೆ.

ಎಂಟು ದಿನ ತಳ್ಳಿದೆ. ಮೈಲಾರೇಶನ ಫೋನು ಬಂದಾಗಲೆಲ್ಲ ಕಾಗದ ಬಂದಿಲ್ಲ, ಕೆಮಿಕಲ್ ಬಂದಿಲ್ಲ ಎಂದೆ. ಹತ್ತನೆಯ ದಿನ ಅವನೇ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ. ಹದಿನೇಳನೆಯದರ ದೊಡ್ಡ ಪ್ರಿಂಟು ಮಾಡಿದ್ದೆ, ಎಷ್ಟು ಸಾಧ್ಯವೋ ಅಷ್ಟು ಮುಖಕ್ಕೆ ಕಪ್ಪು ಕೂಡಿಸಿ. ಅವನು ನೋಡಿದ, ಹತ್ತಿರ ತಂದ, ದೂರ ಹಿಡಿದ.

“ಅಯ್ಯಾರ, ಸ್ವಲ್ಪ ಮಂಜು ಮಂಜು ಐತಲ್ರಿ?”

“ದೀಪದ ಫೋಟೋ ಹಂಗ ಇರೋದು. ಕಲೆ ಅಂತಾರ ಇದಕ್ಕ” ಎಂದೆ. ಅವನು ತಲೆಯಾಡಿಸಿದ. ನನ್ನ ಮಾತನ್ನು ನಂಬಿದನೋ, ವಯಸ್ಸಿಗೆ ಮರ್ಯಾದೆ ಕೊಟ್ಟನೋ, ಇವತ್ತಿಗೂ ಕೇಳಿಲ್ಲ.

ಅವನ ಜೊತೆಯೇ ತಂಬ್ರಹಳ್ಳಿಗೆ ಹೋದೆ. ಜಂಬಕ್ಕ ಆಗಷ್ಟೇ ರೇಣುಕಾಳ ಜೊತೆ ಗುಡಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದಳು, ಬೆರಳಿಗೆ ಹರಳೆಣ್ಣೆಯ ವಾಸನೆ. ಫೋಟೋ ಎಂದ ಕೂಡಲೇ ಸೆರಗಿನಲ್ಲಿ ಎರಡೂ ಕೈ ಒರೆಸಿಕೊಂಡು ಪ್ರಸಾದ ಇಸಿದುಕೊಳ್ಳುವ ಹಾಗೆ ಇಸಿದುಕೊಂಡಳು. ಮೂಗಿನ ಹತ್ತಿರ ತಂದಳು. ತೋಳಿನುದ್ದ ಹಿಡಿದಳು. ಬಿಸಿಲಿಗೆ ತಿರುಗಿಸಿದಳು. ನಾನು ಕುರಿಗಳನ್ನು ನೋಡುತ್ತ ನಿಂತಿದ್ದೆ.

“ಮುಖ ಕಾಣವಲ್ದ್ರಿ ಅಯ್ಯಾರ” ಎಂದಳು. ದನಿ ಸಣ್ಣದಾಗಿತ್ತು. “ಎಲ್ಲಾ ಕಲಸಿದಂಗ ಕಾಣ್ತೈತಿ. ನನ್ನ ಕಣ್ಣ ಹೋದ್ವೇನೋ? ಈಗೊಂದು ವರ್ಷದಿಂದ ಹಂಗ ಆಗೈತಿ, ನಾನ ಯಾರಿಗೂ ಹೇಳಿಲ್ಲ.”

ಹೇಳಬೇಕಾದ ಹೊತ್ತು ಅದೇ. ‘ಇಲ್ಲ ಅಕ್ಕಾ, ನಿಮ್ಮ ಕಣ್ಣಿಂದಲ್ಲ, ತಪ್ಪು ನಂದು’ ಎಂದರೆ ಆಗುತ್ತಿತ್ತು. ನಾಲ್ಕು ಬೈಗುಳ ಬೈದು, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಮೈಲಾರೇಶ ನನ್ನ ಮುಖ ನೋಡುತ್ತಿದ್ದ. ರೇಣುಕಾ ನೋಡುತ್ತಿದ್ದಳು. ನಲವತ್ತು ವರ್ಷದ ಫೋಟೋ ವೀರಭದ್ರಯ್ಯ!

“ಹೂಂನ್ರಿ ಅಕ್ಕಾ” ಎಂದೆ. “ಕಣ್ಣಿಗಿ ಪೊರಿ ಬಂದೈತಿ. ತಗಿಸಿದ್ರ ನಿಚ್ಚಳ ಕಾಣ್ತೈತಿ. ಫೋಟೋ ಎಲ್ಲಿಗಿ ಹೋಗ್ತೈತಿ, ಇದ್ದ ಇರ್ತೈತಿ.”

“ಹಂಗಾರ ಅಮಾಸಿ ಆಗಲಿ. ಮೀಸಲು ಮುಗೀಲಿ. ಆಮ್ಯಾಲೆ ಆಪರೇಷನ್ ಮಾಡಿಸಿ ನೋಡ್ತೀನಿ” ಎಂದು ಫೋಟೋವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಮನೆಗೆ ಬಂದು ಉಣ್ಣಲಾಗಲಿಲ್ಲ. ಅನ್ನದಾನಮ್ಮನಿಗೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ, ಅದೇ ನನಗೆ ಹೆದರಿಕೆ ಆದದ್ದು. “ನಾಳಿಕ್ಕ ಎದ್ದು ಹೋಗಿ ಹೇಳಿ ಬರ್ರಿ” ಎಂದಳು. “ಹ್ಞೂಂ” ಎಂದೆ. ಮರುದಿನ ಕಾಲುನೋವು ಎಂದೆ. ಅದರ ಮರುದಿನ ಬಸ್ಸು ಸಿಗಲಿಲ್ಲ ಎಂದೆ. ಆಮೇಲೆ ದೀಪಾವಳಿ ಬಂತು, ಪಟಾಕಿ ಹೊಡೆದರು, ಹಬ್ಬ ಹೋಯಿತು.

ಮಾರ್ಗಶಿರದಲ್ಲಿ ಹೊಸಪೇಟೆಯ ಒಂದು ಕಣ್ಣಿನ ಶಿಬಿರದಲ್ಲಿ ಜಂಬಕ್ಕನ ಪೊರೆ ತೆಗೆದರು. ಡಾಕ್ಟರೆಂದರೆ ನಡುಗುವವಳು, ಇಂಜೆಕ್ಷನ್ ಕಂಡರೆ ಓಡುವವಳು, ತಾನಾಗಿ ಹೋಗಿ ಮಲಗಿದಳಂತೆ. ಮೈಲಾರೇಶ ಫೋನಿನಲ್ಲಿ ನಗುತ್ತ ಹೇಳಿದ, “ಹಸಿರು ಬಟ್ಟಿ ಬಿಚ್ಚೂತನಕ ಡಾಕ್ಟರಿಗಿ ಒಂದ ಮಾತು ಹೇಳ್ತಿದ್ದಳ್ರಿ, ನಾ ಊರಿಗಿ ಹೋಗಿ ಫೋಟೋ ನೋಡಬೇಕು ಅಂತ.” ನಾನೂ ನಕ್ಕೆ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಹದಿನೈದು ದಿನದ ನಂತರ ಆಕೆಯೇ ಹೇಳಿ ಕಳಿಸಿದಳು, ಅಯ್ಯಾರು ಒಮ್ಮೆ ಬಂದು ಹೋಗಲಿ ಎಂದು. ಈ ಸಲ ಕಾಲು ನೋಯಲಿಲ್ಲ, ಬಸ್ಸೂ ಸಿಕ್ಕಿತು.

ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ರೇಣುಕಾ ಮೊಬೈಲಿನಲ್ಲಿ ಆಕೆಯ ಫೋಟೋ ಹೊಡೆದು ಯಾರಿಗೋ ಕಳಿಸುತ್ತಿದ್ದಳು. ಮೀಸಲು ಮುಗಿದಿದೆ, ಈಗ ಯಾರು ಬೇಕಾದರೂ ಹೊಡೆಯಬಹುದು. ಬಿಸಿಲಿನಲ್ಲಿ ಜಂಬಕ್ಕನ ಮುಖ ಎಲ್ಲ ಅಜ್ಜಿಯಂದಿರ ಮುಖದ ಹಾಗಿತ್ತು. ರೇಣುಕಾಳನ್ನು ಚಾ ಮಾಡು ಎಂದು ಒಳಗೆ ಕಳಿಸಿ, ಬಟ್ಟೆ ಬಿಚ್ಚಿ, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡಳು.

“ಗೋಡಿ ಬಾಳ ಚಲೋ ಬಂದೈತ್ರಿ ಅಯ್ಯಾರ” ಎಂದಳು.

ನಾನು ಚಪ್ಪಲಿ ಬಿಟ್ಟು ಕಟ್ಟೆಯ ಅಂಚಿಗೆ ಕೂತೆ.

“ಇಲ್ಲಿ ನೋಡ್ರಿ, ನನ್ನ ಬೆರಳು. ಪ್ರತಿ ಯುಗಾದಿಗಿ ನಾನ ಸಾರಸ್ತಿದ್ದೆ. ಇದು ಈ ವರ್ಷದ್ದು, ಹೆಬ್ಬೆರಳು ಎತ್ತಾಕ ಬರ್ತಿರಲಿಲ್ಲ, ನಾಕ ಗೆರಿ ಅದಾವು ನೋಡ್ರಿ. ಇದರ ತಳಗಿಂದು ಹಳೇದು, ಐದೂ ಬೆರಳದಾವು.” ಒಂದೊಂದರ ಮೇಲೂ ಬೆರಳಿಟ್ಟು ತೋರಿಸಿದಳು. ಆಮೇಲೆ ಮುಖ ಇರಬೇಕಾದಲ್ಲಿ ಬೆರಳಿಟ್ಟಳು. “ಇಲ್ಲೇ ಏನೂ ಇಲ್ಲ.”

“ಅಕ್ಕಾ…”

“ಅವತ್ತು ನನ್ನ ಕಣ್ಣಿಂದ ಅಂದ್ರಲ್ಲ. ನಿಮಗ ಗೊತ್ತಿತ್ತಾ?”

ಸುಳ್ಳು ಮತ್ತೊಂದು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಆ ಕಪ್ಪು ಕನ್ನಡಕದ ಹಿಂದೆ ಹೊಸ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. “ಗೊತ್ತಿತ್ತು” ಎಂದೆ. “ಕ್ಯಾಮೆರಾ ಆರಿಸೋದ್ರಾಗ ತಪ್ಪು ಮಾಡಿದೆ. ಮಂಜಣ್ಣ ಹೇಳಿದ್ದ, ಕೇಳಲಿಲ್ಲ.”

ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ.

“ಕ್ಯಾಮೆರಾದ್ದು ಇರಲಿ ಬಿಡ್ರಿ. ಯಂತ್ರ, ತಪ್ಪತೈತಿ. ನೀವು ಫೋಟೋ ತಂದಾಗ ಅಮಾಸಿಗಿ ಇನ್ನಾ ಐದು ದಿನ ಇತ್ತಲ್ರಿ ಅಯ್ಯಾರ. ದಿನಾ ಮಧ್ಯಾಹ್ನ ನಾನು ಅಲ್ಲೇ, ಆ ಗೋಡಿ ಮುಂದ, ದೀಪ ಹಿಡಕೊಂಡು ಕುಂತಿರ್ತಿದ್ದೆ. ಇನ್ನೊಂದು ರೀಲು ಐತಿ ಅಂತ ಮೈಲಾರಿ ಅಂತಿದ್ದ.”

ರೇಣುಕಾ ಚಾ ತಂದಳು. ಕುಡಿದೆ. ಜಂಬಕ್ಕ ಫೋಟೋವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿಗೆ ಹೊತ್ತಾಗುತ್ತದೆ ಎಂದು ನನ್ನನ್ನು ಎಬ್ಬಿಸಿದಳು. ಗುಡಿಯ ದಾರಿಯ ತನಕ ಜೊತೆಗೆ ಬಂದಳು. ಆ ದಾರಿ ಎಡಕ್ಕೆ ಹೊರಳುವಲ್ಲಿ ನಿಂತುಬಿಟ್ಟಳು, ಅಲ್ಲಿಂದ ಮುಂದೆ ಆಕೆ ಹೋಗುವಂತಿಲ್ಲ.

ನಗ್ಗಿದ ಕ್ಯಾಮೆರಾವನ್ನು ಆಮೇಲೆ ಮಂಜಣ್ಣನಿಂದ ತಂದೆ. ಎರಡನೆಯ ರೀಲನ್ನು ಅದಕ್ಕೆ ಹಾಕಿಟ್ಟಿದ್ದೇನೆ. ಮೂರಡಿಗೆ ಹಿಡಿದು ನೋಡಿದೆ, ಒಂದು ಕೂದಲೆಳೆ ಆಚೀಚೆ ಇಲ್ಲ.